ತತ್ವಪದವನ್ನು ಅರ್ಥೈಸುವ ಬಗೆ

ಅನುಭಾವದ ಹಾಡಾದ ತತ್ವಪದದ ಅರ್ಥ ಬಿಡಿಸಲು ಹೊರಟವರು ಮೊದಲು ಅದನ್ನು ಹಾಡುವವರ ಬಾಯಿಂದ ಒಮ್ಮೆಯಾದರೂ ಪೂರ್ತಿ ಕೇಳಬೇಕು. ಅಚ್ಚಿನ ಪುಟದಲ್ಲಿ ಪಲ್ಲವಿ ಸಾಮಾನ್ಯವಾಗಿ ಒಂದೇ ಸಲ ಕಾಣುತ್ತದೆ. ಕಲಬುರಗಿ, ಯಾದಗಿರಿ ಕಡೆಯ ಭಜನೆಯಲ್ಲಿ ಅದು ಪ್ರತಿ ನುಡಿಯ, ಅಂದರೆ ಚರಣದ, ಬೆನ್ನಿಗೂ ಮರಳಿ ಬರುತ್ತದೆ. ಹಾಗೆ ಮರಳುವಾಗ ಶಬ್ದ ಅದೇ ಇದ್ದರೂ ಅರ್ಥ ಅದೇ ಉಳಿದಿರುವುದಿಲ್ಲ: ಮೊದಲು ಪ್ರಶ್ನೆಯಂತೆ ಕೇಳಿಸಿದ ಸಾಲು ಎರಡು ನುಡಿ ಕಳೆದ ಮೇಲೆ ಎಚ್ಚರಿಕೆಯಾಗಿ, ಕೊನೆಯಲ್ಲಿ ಕವಿಯ ಗುರುತಿನ ಹೆಸರಾದ ಅಂಕಿತ ಬರುವ ಹೊತ್ತಿಗೆ ಶರಣಾಗತಿಯಾಗಿ ಕೇಳಿಸಬಹುದು. ಆದ್ದರಿಂದ ಪ್ರತಿ ನುಡಿಯ ಕೆಳಗೂ ಪಲ್ಲವಿಯನ್ನು ಮತ್ತೆ ಬರೆದುಕೊಂಡು, ಅಲ್ಲಿ ಅದರ ಧಾಟಿ ಹೇಗೆ ಬದಲಾಯಿತೆಂದು ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.

ಮುಂದಿನ ಪ್ರಶ್ನೆ, ಪದದೊಳಗಿನ 'ನಾನು' ಯಾರು ಎಂಬುದು. ಅದನ್ನು ನೇರವಾಗಿ ಕವಿಯ ಬದುಕಿಗೆ ಕಟ್ಟಿಹಾಕುವುದು ಆತುರದ ಓದು. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲಸಾಹೇಬರೂ ಇದ್ದರು, ಖೈನೂರ ಕೃಷ್ಣಪ್ಪನವರೂ ಇದ್ದರು. ಬೇರೆ ಬೇರೆ ಹಿನ್ನೆಲೆಯವರು ಕೂಡಿ ಹಾಡುವಲ್ಲಿ 'ನಾನು' ಎಂಬುದು ಹಾಡುವ ಪ್ರತಿಯೊಬ್ಬರದೂ ಆಗುತ್ತದೆ. ಕವಿಯ ಜಾತಿ, ಕಾಲ, ಗುರುಪರಂಪರೆ ತಿಳಿದಿರಲೇಬೇಕು, ಆದರೆ ಅವನ್ನು ಸಾಲುಗಳ ಓದು ಮುಗಿದ ಮೇಲೆ ತನ್ನಿ.

ಒಗಟಿನಂತೆ ಅರ್ಥವನ್ನು ಮರೆಮಾಡುವ ಬೆಡಗಿನ ಮಾತುಗಳಲ್ಲಿ ಹೆಚ್ಚು ತಾಳ್ಮೆ ಬೇಕು. ಒಂಬತ್ತು ಬಾಗಿಲಿನ ಮನೆ ಎಂದರೆ ದೇಹ, ಬಾಗಿಲುಗಳೆಂದರೆ ನವದ್ವಾರಗಳು ಎಂಬುದು ಭಜನೆಗೆ ಕೂಡುವವರಿಗೆಲ್ಲ ಗೊತ್ತು. ಅಷ್ಟಕ್ಕೇ ನಿಂತರೆ ಒಗಟು ಬಿಡಿಸಿದಂತಾಗುತ್ತದೆಯೇ ಹೊರತು ಪದವನ್ನು ಓದಿದಂತಾಗುವುದಿಲ್ಲ. ದೇಹವನ್ನು ಹೇಳಲು ಮನೆಯೇ ಏಕೆ ಬೇಕಾಯಿತು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ಒಳಗಿರುವವನು ಒಡೆಯನೋ ನಾಲ್ಕು ದಿನದ ಬಾಡಿಗೆಯವನೋ ಎಂದು ಕೇಳುತ್ತ ಹೋದಾಗ ಆ ಚಿತ್ರದೊಳಗಿನ ಭಯವೂ ಮಮತೆಯೂ ಹೊರಬರುತ್ತವೆ. ಹೇಳಿದ್ದರಾಚೆ ಹೊಳೆಯುವ ಇಂಥ ಅರ್ಥವನ್ನೇ 9ನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ಧ್ವನಿ ಎಂದು ಕರೆದು, ಅದನ್ನು ಕಾವ್ಯದ ಆತ್ಮವೆಂದ. ಅದೇ ಶತಮಾನದಲ್ಲಿ, ಈಗ ಸೇಡಂ ತಾಲ್ಲೂಕಿನಲ್ಲಿರುವ ಮಳಖೇಡದ ರಾಷ್ಟ್ರಕೂಟರ ಆಶ್ರಯದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಧ್ವನಿಯನ್ನು ಅಲಂಕಾರಗಳಲ್ಲಿ ಒಂದೆಂದು ಎಣಿಸಿತು. ನಮ್ಮ ಪದಗಳಿಗೆ ಆನಂದವರ್ಧನನ ಮಾತೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಇಲ್ಲಿ ಸೂಚ್ಯಾರ್ಥವನ್ನು ತೆಗೆದರೆ ಉಳಿಯುವುದು ಬರಿಯ ಪಟ್ಟಿ.

ಪಾಠಾಂತರಗಳನ್ನು ತಿದ್ದಲು ಹೋಗಬೇಡಿ. ಒಂದೂರಿನ ಮೇಳ ಬಿಟ್ಟ ನುಡಿಯನ್ನು ಇನ್ನೊಂದೂರಿನವರು ಉಳಿಸಿಕೊಂಡಿರಬಹುದು. ಎರಡನ್ನೂ ಊರಿನ ಹೆಸರಿನೊಡನೆ ಅಕ್ಕಪಕ್ಕ ಬರೆದಿಟ್ಟು, ಬಿಟ್ಟ ನುಡಿಯಿಂದ ಪಲ್ಲವಿಯ ಅರ್ಥಕ್ಕೆ ಏನಾಯಿತೆಂದು ನೋಡಿ.