ಅಂಗಳದ ಹಳೆ ಜೂನಿಪರ್ ಕಿತ್ತು ಬೋನ್ಸಾಯ್‌ಗೆ ತಂದ ಬಗೆ

ನಾನಿರುವ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕಣಿವೆಯಲ್ಲಿ, ಹಳೆ ಬಡಾವಣೆಗಳ ಮನೆ ಮುಂದೆ ಜೂನಿಪರ್ ಪೊದೆ ಸಾಮಾನ್ಯ. ನೀರು ಹೆಚ್ಚು ಕೇಳುವುದಿಲ್ಲ, ವರ್ಷವಿಡೀ ಹಸಿರು ಎಂದು ಒಂದು ಕಾಲದಲ್ಲಿ ಎಲ್ಲರೂ ನೆಟ್ಟರು. ಈಗ ಅದನ್ನೇ ತೆಗೆಸುತ್ತಿದ್ದಾರೆ. ಕಾರಣ ಬೆಂಕಿ. ಎಲೆಯಲ್ಲಿ ಎಣ್ಣೆ, ರಾಳ. ಪೊದೆಯೊಳಗೆ ವರ್ಷಗಳಿಂದ ಸೇರಿದ ಒಣ ಕಡ್ಡಿ. ಅಗ್ನಿಶಾಮಕದವರು ಇದಕ್ಕೆ ‘ಹಸಿರು ಗ್ಯಾಸೊಲಿನ್’ ಅಂತಲೇ ಹೆಸರಿಟ್ಟಿದ್ದಾರೆ. ಮನೆಗೋಡೆಯಿಂದ ಮೊದಲ 5 ಅಡಿಯೊಳಗೆ ಹೊತ್ತಿಕೊಳ್ಳುವಂಥದ್ದು ಏನೂ ಇರಬಾರದು ಎಂದು ಅವರು ಹೇಳುತ್ತಾರೆ. ಜೂನಿಪರ್ ಇರುವುದು ಹೆಚ್ಚಾಗಿ ಕಿಟಕಿಯ ಕೆಳಗೇ. ಹೀಗೆ ಕಸದ ಲಾರಿಗೆ ಹೋಗಬೇಕಾದ, ಕೆಲವೊಮ್ಮೆ ತೋಳುಗಾತ್ರಕ್ಕಿಂತ ದಪ್ಪನೆಯ ಕಾಂಡದ ಗಿಡಗಳೇ ನನ್ನ ಬೋನ್ಸಾಯ್ ಪೆಟ್ಟಿಗೆಗಳಲ್ಲಿರುವುದು.

ಬೆಟ್ಟದಿಂದ ಯಾಕೆ ತರುವುದಿಲ್ಲ ಎಂದು ಕೇಳುವವರಿದ್ದಾರೆ. ಮೊಹಾವಿ ಮರುಭೂಮಿಯ ಅಂಚಿನ ಕ್ಯಾಲಿಫೋರ್ನಿಯಾ ಜೂನಿಪರ್, ಸಿಯೆರಾ ಬೆಟ್ಟದ ಬಂಡೆಗಳ ಮೇಲಿನ ಜೂನಿಪರ್, ಇವುಗಳ ಸೊಬಗಿಗೆ ಅಂಗಳದ ಗಿಡ ಸಾಟಿಯಲ್ಲ, ಒಪ್ಪುತ್ತೇನೆ. ಆದರೆ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ಕಡ್ಡಿಯನ್ನೂ ಮುಟ್ಟುವಂತಿಲ್ಲ. ಅರಣ್ಯ ಇಲಾಖೆಯ ನೆಲದಲ್ಲಿ ಕಿತ್ತೊಯ್ಯಲು ಪರವಾನಗಿ ಬೇಕು, ಖಾಸಗಿ ಜಮೀನಿಗೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಜಪಾನಿನಲ್ಲಿ ಶಿಕೋಕುವಿನ ಇಶಿಜುಚಿ ಬೆಟ್ಟ, ನೀಗಾತಾದ ಇಟೊಇಗಾವಾ ಸುತ್ತಲಿನ ಕಡಿದಾದ ಬಂಡೆಗಳಿಂದ ಹಗ್ಗ ಕಟ್ಟಿಕೊಂಡು ಇಳಿದು ಶಿಂಪಾಕು ಜೂನಿಪರ್ ಕೀಳುತ್ತಿದ್ದರು. ಕಾಡಿನಲ್ಲಿ ಒಳ್ಳೆ ಗಿಡ ಸಿಗದಂತಾಗುವವರೆಗೂ ಕಿತ್ತರು. ಬೆಂಗಳೂರಿನ ಗೆಳೆಯರು ಲಾಹೌಲ್, ಲಡಾಖ್ ಪ್ರವಾಸದಿಂದ ಅಲ್ಲಿನ ಜೂನಿಪರ್ ಫೋಟೊ ಕಳಿಸಿ, ‘ಒಂದು ತರಬಹುದಾ?’ ಎನ್ನುತ್ತಾರೆ. ದಯವಿಟ್ಟು ಬೇಡ. ಮಳೆ ಅಪರೂಪವಾದ ಆ ಚಳಿ ಮರುಭೂಮಿಯಲ್ಲಿ ಒಂದು ಗೇಣು ಬೆಳೆಯಲು ಅದು ಎಷ್ಟೋ ವರ್ಷ ತೆಗೆದುಕೊಳ್ಳುತ್ತದೆ, ಅಲ್ಲಿಯ ಜನ ಅದನ್ನು ಪೂಜೆಯ ಧೂಪಕ್ಕೆ ಬಳಸುತ್ತಾರೆ, ಇರುವ ಮರಗಳೂ ಕಡಿಮೆಯಾಗುತ್ತಿವೆ. ಹೇಗೂ ಬೀಳಲಿರುವ ಗಿಡವನ್ನು ಉಳಿಸಿಕೊಳ್ಳುವುದರಲ್ಲಿ ನನಗೆ ಹೆಚ್ಚು ಸಂತೋಷವಿದೆ.

ಕೆಲಸಕ್ಕೆ ಮೊದಲು ಒಂದು ಮಾತು ಮನದಟ್ಟಾಗಬೇಕು: ಜೂನಿಪರ್ ಬದುಕುವುದು ಎಲೆಯ ಬಲದಿಂದ. ಬೆಂಗಳೂರಿನಲ್ಲಿ ಹಳೆ ಬಂಗಲೆ ಕೆಡವುವಾಗ ಬೋಗನ್‌ವಿಲ್ಲಾದ ಬುಡವನ್ನು ಒಂದೆಲೆಯೂ ಇಲ್ಲದಂತೆ ಬೋಳಿಸಿ, ಬೇರು ಕಡಿದು ಕುಂಡಕ್ಕೆ ಹಾಕುತ್ತಾರೆ. ಕೆಲ ವಾರದಲ್ಲಿ ಬುಡದಿಂದಲೇ ಚಿಗುರು ಒಡೆಯುತ್ತದೆ. ಅದು ಕಾಂಡದಲ್ಲಿ, ಬೇರಿನಲ್ಲಿ ಆಹಾರದ ದಾಸ್ತಾನು ಇಟ್ಟಿರುತ್ತದೆ. ಜೂನಿಪರ್‌ನ ದಾಸ್ತಾನಿನ ಬಹುಪಾಲು ಎಲೆಯಲ್ಲೇ. ಬೇರು ಬೆಳೆಯಲು ಹೇಳಿ ಕಳಿಸುವ ಹಾರ್ಮೋನೂ ಚಿಗುರಿನ ತುದಿಯಿಂದ ಕೆಳಗಿಳಿಯಬೇಕು. ‘ಬೇರು ಕತ್ತರಿಸಿದಷ್ಟೇ ಮೇಲೂ ಕತ್ತರಿಸಿ ಸಮ ಮಾಡು’ ಎಂಬ ತೋಟದ ಹಳೆ ಲೆಕ್ಕ ಇಲ್ಲಿ ಗಿಡವನ್ನು ಕೊಲ್ಲುತ್ತದೆ. ಹಸಿರಿಲ್ಲದ ಬರಿ ಕೊಂಬೆಯಿಂದ ಜೂನಿಪರ್ ಮತ್ತೆ ಚಿಗುರುವುದೂ ಇಲ್ಲ. ಕೀಳುವ ದಿನ ನಾನು ಎಲೆಗೆ ಕತ್ತರಿ ಹಾಕುವುದು ಗಿಡ ಕಾರಿನ ಬಾಗಿಲಲ್ಲಿ ತೂರದಿದ್ದರೆ ಮಾತ್ರ.

ಹೀಗಾಗಿ ಆಯ್ಕೆ ಮಾಡುವಾಗ ಮೊದಲು ನೋಡುವುದು ಕಾಂಡಕ್ಕೆ ಎಷ್ಟು ಹತ್ತಿರದಲ್ಲಿ ಹಸಿರೆಲೆ ಇದೆ ಎಂದು. ವರ್ಷ ವರ್ಷ ಯಂತ್ರದಿಂದ ಬೇಲಿಯ ಹಾಗೆ ಸವರಿದ ಗಿಡ ಹೊರಗೆ ದಟ್ಟ, ಒಳಗೆ ಬೋಳು, ಅದನ್ನು ಬಿಟ್ಟುಬಿಡುತ್ತೇನೆ. ಆಮೇಲೆ ಮಂಡಿಯೂರಿ ಬುಡದ ಕಸ, ತೊಗಟೆಚೂರು ಸರಿಸಿ ಬೆರಳಿಂದ ಮಣ್ಣು ಕೆರೆಯುತ್ತೇನೆ. ಹಳೆಯ ಜೂನಿಪರ್‌ನಲ್ಲಿ ಕಾಂಡದ ಸುತ್ತಲೂ ಜೀವ ಇರುವುದಿಲ್ಲ. ಎಳೆಎಳೆಯಾಗಿ ಸುಲಿಯುವ ಹೊರತೊಗಟೆಯನ್ನು ತಂತಿಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಬದುಕಿರುವ ಪಟ್ಟಿ ಕೆಂಪುಕಂದಾಗಿ, ತುಸು ಉಬ್ಬಿಕೊಂಡು ಕಾಣುತ್ತದೆ. ಸತ್ತ ಭಾಗ ಬೂದುಬಣ್ಣದ ಗಟ್ಟಿ ಮರ. ಪ್ರತಿ ಪಟ್ಟಿಯೂ ಒಂದು ಬೇರಿನಿಂದ ಹೊರಟು ಕಾಂಡದ ಸುತ್ತ ತಿರುಚಿಕೊಂಡು ತನ್ನದೇ ಕೊಂಬೆಗೆ ಹೋಗುತ್ತದೆ. ಯಾವ ಬೇರಿಗೆ ಗರಗಸ ಹಾಕಿದರೆ ಯಾವ ಕೊಂಬೆ ಒಣಗುತ್ತದೆ ಎಂದು ಅಲ್ಲೇ ಓದಿಕೊಳ್ಳಬಹುದು. ಉಳಿಸಬೇಕಾದ ಪಟ್ಟಿಗಳ ಬೇರಿಗೆ ಬಣ್ಣದ ದಾರ ಕಟ್ಟಿಯೇ ನಾನು ಸಲಿಕೆ ಎತ್ತುವುದು.

ಅಗೆಯುವ ಕೆಲ ದಿನ ಮೊದಲು 811ಕ್ಕೆ ಫೋನ್ ಮಾಡಿ ತಿಳಿಸಬೇಕು. ನೆಲದಡಿಯ ಗ್ಯಾಸ್, ಕರೆಂಟ್, ಕೇಬಲ್ ಎಲ್ಲಿ ಹಾದಿದೆ ಎಂದು ಬಂದು ಬಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರೆ; ದುಡ್ಡಿಲ್ಲ. ಮನೆಗೋಡೆಗೆ ತಾಗಿದ ಗಿಡಗಳಲ್ಲಿ ಇದು ಬೇಕೇ ಬೇಕು. ಕಾಲ ಜನವರಿ ಕೊನೆಯಿಂದ ಮಾರ್ಚ್ ಮೊದಲ ಭಾಗ: ಇಲ್ಲಿ ಮಳೆ ಬೀಳುವುದು ಚಳಿಗಾಲದಲ್ಲೇ, ಬಿಸಿಲು ಇನ್ನೂ ಏರಿರುವುದಿಲ್ಲ, ಬೇರಿಗೆ ಮುಂದೆ ಇಡೀ ವಸಂತ ಸಿಗುತ್ತದೆ. ಮಾಲೀಕರು ಒಂದು ವರ್ಷ ಕಾಯಲು ಒಪ್ಪಿದರೆ ಈ ವರ್ಷ ಅರ್ಧ ಸುತ್ತು ಮಾತ್ರ ಕಾಲುವೆ ತೋಡಿ, ಬೇರು ಕತ್ತರಿಸಿ, ಆ ಜಾಗಕ್ಕೆ ಪ್ಯೂಮಿಸ್ ತುಂಬಿ ಬರುತ್ತೇನೆ. ಜ್ವಾಲಾಮುಖಿಯ ಆ ಹಗುರ ಕಲ್ಲುಹರಳಿನಲ್ಲಿ ವರ್ಷದೊಳಗೆ ಬಿಳಿ ಬೇರು ತುಂಬಿಕೊಂಡಿರುತ್ತದೆ. ಆದರೆ ಬಹಳಷ್ಟು ಕಡೆ ‘ಮುಂದಿನ ವಾರ ಕೆಲಸದವರು ಬರುತ್ತಾರೆ, ಬೇಕಾದರೆ ಒಯ್ಯಿರಿ’ ಎನ್ನುವ ಪರಿಸ್ಥಿತಿಯೇ.

ಈ ಕಣಿವೆಯ ಮಣ್ಣು ಕಪ್ಪು ಜಿಗುಟು. ಹುಬ್ಬಳ್ಳಿಯ ಗೆಳೆಯರೊಬ್ಬರು ಸಹಾಯಕ್ಕೆ ಬಂದವರು ಒಂದು ಸಲಿಕೆ ಎತ್ತಿ, ‘ಸರ, ಇದು ನಮ್ಮ ಎರಿ ಹೊಲ ಇದ್ದಂಗ ಐತಲ್ರಿ’ ಅಂದರು. ನಿಜ, ಹಸಿಯಿದ್ದರೆ ಸಲಿಕೆಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಿರುಕು ಬಿಟ್ಟು ಹಾರೆಗೂ ಬಗ್ಗುವುದಿಲ್ಲ. ಚೆನ್ನಾಗಿ ನೀರುಣಿಸಿ, ಒಂದೆರಡು ದಿನ ಬಿಟ್ಟು ಅಗೆದರೆ ಹದ ಸಿಗುತ್ತದೆ. ಬೇರಿನ ಮುದ್ದೆಯೂ ಒಡೆಯುವುದಿಲ್ಲ.

ನರ್ಸರಿಯವರ ಲೆಕ್ಕದಲ್ಲಿ ಕಾಂಡದ ಒಂದು ಇಂಚು ದಪ್ಪಕ್ಕೆ 10ರಿಂದ 12 ಇಂಚು ಅಗಲದ ಮಣ್ಣುಮುದ್ದೆ ಬೇಕು. ನಾಲ್ಕಿಂಚಿನ ಕಾಂಡಕ್ಕೆ ಸುಮಾರು ನಾಲ್ಕಡಿ, ಅಂದರೆ ಕ್ರೇನೇ ಬೇಕು. ಬೋನ್ಸಾಯ್‌ಗೆ ಆ ಗಾತ್ರ ಉಪಯೋಗವಿಲ್ಲ. ನಮಗೆ ಬೇಕಾದದ್ದು ಕಾಂಡಕ್ಕೆ ಹತ್ತಿರದ ಸಣ್ಣ ಬೇರು. ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತ ಕಾಲುವೆ ತೋಡಿ, ಕೈಗುದ್ದಲಿಯಿಂದ ಒಳಕ್ಕೆ ಕೆರೆಯುತ್ತ ಬರುತ್ತೇನೆ. ಕೂದಲೆಳೆಯ ಬೇರುಗಳ ಜಾಲ ಎದುರಾದ ಕಡೆ ನಿಲ್ಲಬೇಕು. ಮುದ್ದೆಯ ಅಂಚು ಅದೇ. ಒಂದು ಬದಿಯಲ್ಲಿ ಅದು ಗೇಣು ದೂರದಲ್ಲಿ ಸಿಗಬಹುದು, ಇನ್ನೊಂದು ಬದಿಯಲ್ಲಿ ಮೊಳ ದೂರದಲ್ಲಿ. ಮುದ್ದೆ ದುಂಡಗಿರಬೇಕೆಂಬ ಹಟ ಬೇಡ. ಸಣ್ಣ ಬೇರು ಬಹುಪಾಲು ಮೇಲಿನ ಒಂದಡಿಯಲ್ಲೇ ಇರುತ್ತದೆ. ದಪ್ಪ ಬೇರನ್ನು ಸಲಿಕೆಯಿಂದ ಜಜ್ಜದೆ ಗರಗಸದಿಂದ ಕತ್ತರಿಸಿ, ತುದಿಯನ್ನು ಚೂಪು ಚಾಕುವಿನಿಂದ ಸವರುತ್ತೇನೆ. ನುಣ್ಣಗಿನ ಗಾಯದ ಅಂಚಿನಿಂದ ಹೊಸ ಬೇರು ಬೇಗ ಬರುತ್ತದೆ. ಕೊನೆಗೆ ಅಡಿಬೇರು. ಗಿಡವನ್ನು ಕಾಂಡ ಹಿಡಿದು ಎಳೆಯುವುದಾಗಲಿ, ಹಾರೆ ಹಾಕಿ ಮೀಟುವುದಾಗಲಿ ಕೂಡದು, ಮುದ್ದೆ ಬಿರಿಯುತ್ತದೆ. ಒಂದು ಬದಿಗೆ ವಾಲಿಸಿ ಕೆಳಗೆ ಗೋಣಿತಟ್ಟು ತೂರಿಸಿ, ಇನ್ನೊಂದು ಬದಿಗೆ ವಾಲಿಸಿ ಎಳೆದುಕೊಂಡು, ಹಗ್ಗದಿಂದ ಬಿಗಿಯಾಗಿ ಕಟ್ಟಿ ಎತ್ತಬೇಕು. ಎಲೆಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿಯೇ ಒಯ್ಯುವುದು. ಹೆದ್ದಾರಿಯ ಗಾಳಿ ಅರ್ಧ ಗಂಟೆಯಲ್ಲಿ ಬಹಳ ನೀರು ಹೀರುತ್ತದೆ. ಹೊರಡುವ ಮುಂಚೆ ಗುಂಡಿ ಮುಚ್ಚಿ, ನೆಲ ಗುಡಿಸಿ ಕೊಡುತ್ತೇನೆ. ಪಕ್ಕದ ಮನೆಯವರ ಗಿಡ ಸಿಗುವುದು ಇದನ್ನು ನೋಡಿಯೇ.

ಪೆಟ್ಟಿಗೆ ಮುದ್ದೆಗಿಂತ ಸುತ್ತ ಎರಡಿಂಚು ಮಾತ್ರ ದೊಡ್ಡದು, ಹಲಗೆಯದು, ತಳಕ್ಕೆ ಕಬ್ಬಿಣದ ಜಾಲರಿ. ಹೆಚ್ಚು ದೊಡ್ಡದಾದರೆ ಬೇರಿಲ್ಲದ ಕಡೆ ತೇವ ಕೂತು ಕೊಳೆಯುತ್ತದೆ. ಜಿಗುಟು ಮಣ್ಣನ್ನು ಪೂರ್ತಿ ತೊಳೆದುಬಿಡುವವರಿದ್ದಾರೆ. ನಾನು ತೊಳೆಯುವುದಿಲ್ಲ. ಹೊರ ಅಂಚಿನದನ್ನು ಮರದ ಕಡ್ಡಿಯಿಂದ ಕೆದರಿ ಬೇರಿನ ತುದಿ ಬಿಡಿಸಿ, ನಡುವಿನದನ್ನು ಹಾಗೇ ಬಿಟ್ಟು, ಸುತ್ತ ಪ್ಯೂಮಿಸ್ ತುಂಬಿ ಕಡ್ಡಿಯಿಂದ ತಿವಿದು ಸಂದು ಮುಚ್ಚುತ್ತೇನೆ. ನಂತರ ದಪ್ಪ ಬೇರುಗಳ ಮೇಲೆ ಅಡ್ಡಪಟ್ಟಿ ಇಟ್ಟು ಪೆಟ್ಟಿಗೆಯ ಗೋಡೆಗೆ ಸ್ಕ್ರೂ ಹಾಕುತ್ತೇನೆ. ಕಾಂಡ ಹಿಡಿದು ಅಲ್ಲಾಡಿಸಿದರೆ ಗಿಡ ಮಾತ್ರ ಅಲ್ಲ, ಪೆಟ್ಟಿಗೆಯೂ ಜೊತೆಗೇ ಅಲ್ಲಾಡಬೇಕು. ಗಾಳಿಗೆ ಗಿಡ ಒಂದು ಕೂದಲೆಳೆಯಷ್ಟು ತೂಗಿದರೂ ಹೊಸ ಬೇರಿನ ತುದಿ ಮುರಿಯುತ್ತದೆ. ಎಲ್ಲದರಲ್ಲಿ ಹೆಚ್ಚು ಜಾಗ್ರತೆ ಬೇಕಾದದ್ದು ಈ ಬಿಗಿತಕ್ಕೇ ಎಂದು ನನ್ನ ಅಭಿಪ್ರಾಯ.

ಆಮೇಲೆ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಗಾಳಿಗೆ ಮರೆ. ದಿನಕ್ಕೆ ಕೆಲವು ಬಾರಿ ಎಲೆಗೆ ನೀರು ಚಿಮುಕಿಸುತ್ತೇನೆ. ಪೆಟ್ಟಿಗೆಗೆ ಮಾತ್ರ ಬೆರಳು ತೂರಿಸಿ, ಒಳಗಿನ ಜಿಗುಟು ಮಣ್ಣಿನ ತೇವ ನೋಡಿಯೇ ನೀರು. ಗೊಬ್ಬರ ಚಿಗುರು ಕಂಡ ಮೇಲೆ. ಇಲ್ಲಿ ಕಣ್ಣಿಗೆ ಮೋಸವಾಗುವುದು ಸುಲಭ: ಜೂನಿಪರ್ ಸತ್ತ ಮೇಲೂ ತಿಂಗಳುಗಟ್ಟಲೆ ಹಸಿರಾಗಿಯೇ ಇರುತ್ತದೆ. ನಾನು ನೋಡುವುದು ತುದಿಗಳನ್ನು. ಬೇರು ಹಿಡಿದ ಗಿಡದಲ್ಲಿ ಚಿಗುರಿನ ತುದಿ ತಿಳಿಹಸಿರಾಗಿ, ಮೊನಚಾಗಿ, ಉಳಿದ ಎಲೆಯನ್ನು ದಾಟಿ ಮುಂದೆ ಚಾಚುತ್ತದೆ. ಹಿಡಿಯದ ಗಿಡದಲ್ಲಿ ಬಣ್ಣ ಮಂಕಾಗುತ್ತ, ಎಲೆ ಬೆರಳಿಗೆ ಒರಟಾಗಿ ಸಿಕ್ಕಿ, ಕಡ್ಡಿ ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ. ಬಿಸಿಲೇರಿದ ಮೇಲೆ ಎಲೆಯಲ್ಲಿ ಸಣ್ಣ ಹಳದಿ ಚುಕ್ಕೆ ಕಂಡರೆ ಕೆಳಗೆ ಬಿಳಿ ಹಾಳೆ ಹಿಡಿದು ಕೊಂಬೆ ತಟ್ಟಿ ನೋಡಿ. ಹಾಳೆಯ ಮೇಲೆ ಹರಿದಾಡುವ ಚುಕ್ಕೆಗಳು ನುಸಿ. ಎಲೆಯ ಕೆಳಗಿನಿಂದ ಪೈಪಿನ ನೀರು ಜೋರಾಗಿ ಹಾಯಿಸಿದರೆ ಬಹುಪಾಲು ಹೋಗುತ್ತದೆ.

ಎರಡು ಬೇಸಿಗೆ ಕಳೆದು, ಗಿಡದ ತುಂಬ ಉದ್ದ ಚಿಗುರು ಬರುವವರೆಗೆ ರೂಪ ಕೊಡುವ ಯೋಚನೆಯೇ ಇಲ್ಲ. ಆಮೇಲೆ ಮೊದಲ ಕೆಲಸ ಸತ್ತ ಭಾಗದ್ದು: ಒಣಕೊಂಬೆಯ ತೊಗಟೆ ಸುಲಿದು ‘ಜಿನ್’ (ಬೋಳು ಒಣಕೊಂಬೆ) ಮಾಡಿ, ಕಾಂಡದ ಸತ್ತ ಪಟ್ಟಿಯನ್ನು ‘ಶಾರಿ’ (ತೊಗಟೆಯಿಲ್ಲದ ಬರಿ ಮರದ ಪಟ್ಟಿ) ಆಗಿ ತೆರೆದು, ಸುಣ್ಣ-ಗಂಧಕದ ದ್ರಾವಣ ಹಚ್ಚುತ್ತೇನೆ. ನಂತರದ ಚಳಿಗಾಲದಲ್ಲಿ ಪೆಟ್ಟಿಗೆ ಬಿಚ್ಚಿ, ಮುದ್ದೆಯ ಒಂದು ಬದಿಯ ಹಳೆ ಮಣ್ಣನ್ನು ಕಾಂಡದವರೆಗೂ ತೆಗೆದು ಪ್ಯೂಮಿಸ್ ತುಂಬಿಸುತ್ತೇನೆ. ಇನ್ನೊಂದು ಬದಿಯನ್ನು ಮುಟ್ಟುವುದಿಲ್ಲ. ಆ ಬದಿಯ ಸರದಿ ಮತ್ತೆ ಎರಡು ವರ್ಷ ಕಳೆದು.

ಇಲ್ಲಿನ ಅಂಗಳಗಳಲ್ಲಿ ಹೇರಳವಾಗಿರುವ ‘ಸ್ಯಾನ್ ಹೋಸೆ’ ತಳಿಗೆ ಒಂದು ಗುಣವಿದೆ: ಹೆಚ್ಚು ಕತ್ತರಿಸಿದರೆ ಮೃದು ಎಲೆ ಬಿಟ್ಟು ಚುಚ್ಚುವ ಸೂಜಿ ಎಲೆ ತಳೆಯುತ್ತದೆ, ಅದೂ ಬೇಗ ಹೋಗುವುದಿಲ್ಲ. ಕಾಂಡ ನಿಜಕ್ಕೂ ಚೆನ್ನಾಗಿದ್ದರೆ ಅದಕ್ಕೆ ಮೃದು ಎಲೆಯ ಇಟೊಇಗಾವಾ ಶಿಂಪಾಕು ತಳಿಯನ್ನು ಕಸಿ ಮಾಡುತ್ತೇನೆ. ಕುಂಡದಲ್ಲಿರುವ ಎಳೆ ಸಸಿಯನ್ನು ಪಕ್ಕದಲ್ಲಿಟ್ಟು, ಕಾಂಡದ ಬದುಕಿರುವ ಪಟ್ಟಿಯಲ್ಲಿ ಕಾಲುವೆಯಂತೆ ಕೊರೆದು, ಸಸಿಯ ಕಡ್ಡಿಯ ತೊಗಟೆ ಎರಡು ಬದಿ ಸವರಿ ಅದರೊಳಗೆ ಕೂರಿಸಿ, ಸಣ್ಣ ಮೊಳೆಯಿಂದ ಬಿಗಿದು, ಸಂದಿಗೆ ಕಸಿಮೇಣ ಹಚ್ಚುವುದು. ಕೂಡುವವರೆಗೆ ಸಸಿ ತನ್ನ ಬೇರಿನಿಂದಲೇ ಉಣ್ಣುತ್ತದೆ, ಆದ್ದರಿಂದ ಅವಸರವಿಲ್ಲ. ಕಸಿಯ ಮೇಲಿನ ಕಡ್ಡಿ ಕೆಳಗಿನದಕ್ಕಿಂತ ಎದ್ದು ಕಾಣುವಷ್ಟು ದಪ್ಪವಾದ ಮೇಲೆ ಕೆಳಗಿನ ಕಡ್ಡಿಯನ್ನು ಸ್ವಲ್ಪ ಸ್ವಲ್ಪವೇ ಕೊಯ್ಯುತ್ತ ಬಂದು, ಕೊನೆಗೆ ಕುಂಡದಿಂದ ಬಿಡಿಸುತ್ತೇನೆ. ಹಳೆ ಎಲೆಯನ್ನು ತೆಗೆಯುವುದು ಶಿಂಪಾಕು ಕೊಂಬೆ ಹರಡಿಕೊಂಡ ಹಾಗೆಲ್ಲ ಒಂದೊಂದಾಗಿ.