ಬಾರ್ಬಡೋಸ್ ಸುತ್ತಬೇಕಾ? ಮೂರೂವರೆ ಡಾಲರ್ ಚಿಲ್ಲರೆ ಇಟ್ಕೊಳ್ಳಿ

2024ರ ಜೂನ್ 29ರಂದು ಟಿ20 ವಿಶ್ವಕಪ್ ಫೈನಲ್ ನೋಡಲು ನಿದ್ದೆಗೆಟ್ಟವರಿಗೆಲ್ಲ ಕೆರಿಬಿಯನ್ ದ್ವೀಪ ಬಾರ್ಬಡೋಸ್ ಹೆಸರು ನೆನಪಿರುತ್ತದೆ. ಅದರ ರಾಜಧಾನಿ ಬ್ರಿಡ್ಜ್‌ಟೌನ್‌ನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿತು. ಕೋಚ್ ಆಗಿದ್ದವರು ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್. ಆ ಮೈದಾನ, ಆ ಸಮುದ್ರ ಕಣ್ಣಾರೆ ನೋಡಬೇಕು ಅಂತ ಆಸೆ ಇದ್ದರೂ, ಅದು ಹಣವಂತರ ದ್ವೀಪ ಅಂತ ಸುಮ್ಮನಾಗುವವರು ಬಹಳ. ಹೋಟೆಲ್ ದುಬಾರಿ, ಅದು ನಿಜ. ಆದರೆ ದ್ವೀಪ ಪುಟ್ಟದು. ಉದ್ದ ಸುಮಾರು 34 ಕಿ.ಮೀ., ಅಗಲ 23 ಕಿ.ಮೀ. ಅಲ್ಲಿನ ಜನ ಹತ್ತುವ ಬಸ್ಸನ್ನೇ ನೀವೂ ಹತ್ತಿದರೆ ಓಡಾಟದ ಖರ್ಚು ತುಂಬಾ ಇಳಿಯುತ್ತದೆ.

ಮೊದಲು ಕಾಗದಪತ್ರ

ಪ್ರವಾಸಕ್ಕೆ ಹೋಗುವ ಭಾರತದ ಪಾಸ್‌ಪೋರ್ಟ್‌ದಾರರಿಗೆ ಬಾರ್ಬಡೋಸ್ 90 ದಿನಗಳವರೆಗೆ ವೀಸಾ ಕೇಳುವುದಿಲ್ಲ. ತೊಡಕಿರುವುದು ದಾರಿಯಲ್ಲಿ. ಭಾರತದಿಂದ ನೇರ ವಿಮಾನವಿಲ್ಲ. ಲಂಡನ್ ಮೂಲಕವೋ, ಮಯಾಮಿ, ನ್ಯೂಯಾರ್ಕ್ ಕಡೆಯಿಂದಲೋ ಹೋಗಬೇಕು. ಅಮೆರಿಕದಲ್ಲಿ ಬರೀ ವಿಮಾನ ಬದಲಿಸುವುದಕ್ಕೂ ವೀಸಾ ಬೇಕು. ಲಂಡನ್‌ನಲ್ಲೂ ನಮ್ಮಲ್ಲಿ ಹೆಚ್ಚಿನವರಿಗೆ ಟ್ರಾನ್ಸಿಟ್ ವೀಸಾ ಬೇಕಾಗುತ್ತದೆ. ಹಾಗಾಗಿ ಕಡಿಮೆ ಬೆಲೆ ಕಂಡ ತಕ್ಷಣ ಟಿಕೆಟ್ ತೆಗೆಯಬೇಡಿ. ಯಾವ ದಾರಿ ಅಂತ ಮೊದಲು ಗಟ್ಟಿ ಮಾಡಿ, ಆ ದೇಶದ ನಿಯಮ ನೋಡಿ, ಆಮೇಲೆ ದುಡ್ಡು ಕಟ್ಟಿ.

ಅಷ್ಟು ದೂರ ಹೋದ ಮೇಲೆ ಟ್ರಿನಿಡಾಡ್ ಅಥವಾ ಗಯಾನಾವನ್ನೂ ನೋಡಿ ಬರೋಣ ಅನ್ನಿಸುವುದು ಸಹಜ. ಹಾಗಿದ್ದರೆ ಹೊರಡುವ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಿ. ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲಷ್ಟೇ ಅದರ ಕಾರ್ಡ್ ಚಾಲ್ತಿಗೆ ಬರುವುದು. ಅದಿಲ್ಲದೆ ಆ ದೇಶಗಳಿಂದ ವಾಪಸ್ ಬಂದವರನ್ನು ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಯಾವಾಗ ಹೋಗಬೇಕು?

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ರೇಟು ಜಾಸ್ತಿ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಆ ಫೈನಲ್ ಗೆದ್ದ ಮೇಲೆ ಏನಾಯಿತು, ನೆನಪಿದೆ ಅಲ್ವಾ? ಬೆರಿಲ್ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿತು. ಕಪ್ ಗೆದ್ದ ತಂಡವೇ ಹೋಟೆಲ್‌ನಲ್ಲಿ ಉಳಿದು, ಜುಲೈ 4ಕ್ಕೆ ದೆಹಲಿ ತಲುಪಿತು. ಅವರಿಗೆ ವಿಶೇಷ ವಿಮಾನ ಬಂತು, ನಮಗೆ ಬರುವುದಿಲ್ಲ. ಆ ತಿಂಗಳುಗಳಲ್ಲಿ ಹೋಗುವುದಾದರೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿ, ವಾಪಸ್ ಬಂದ ಮರುದಿನವೇ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ.

ದುಡ್ಡಿನ ಲೆಕ್ಕ

ಇಲ್ಲಿ ತಲೆಬಿಸಿ ಇಲ್ಲ. ಎರಡು ಬಾರ್ಬಡೋಸ್ ಡಾಲರ್ ಅಂದರೆ ಒಂದು ಅಮೆರಿಕನ್ ಡಾಲರ್. 1975ರಿಂದ ಇದೇ ದರ. ಬೆಲೆ ಹೇಳಿದಾಗ ಯಾವ ಡಾಲರ್ ಅಂತ ಕೇಳಿ, ಅರ್ಧಕ್ಕರ್ಧ ವ್ಯತ್ಯಾಸವಾಗುತ್ತದೆ. ಹೋಟೆಲ್ ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿದೆಯಾ ಅಂತ ನೋಡಿ ಆಮೇಲೆ ಟಿಪ್ಸ್ ಕೊಡಿ.

ಬಸ್ಸು ಹತ್ತುವುದು ಹೀಗೆ

ದ್ವೀಪದಲ್ಲಿ ಮೂರು ಬಗೆಯ ಬಸ್ಸುಗಳಿವೆ. ನೀಲಿ ಮೈಗೆ ಹಳದಿ ಪಟ್ಟಿ ಇದ್ದರೆ ಸರ್ಕಾರಿ ಬಸ್ಸು. ಹಳದಿ ಮೈಗೆ ನೀಲಿ ಪಟ್ಟಿ ಇದ್ದರೆ ಖಾಸಗಿ ಮಿನಿಬಸ್. ಬಿಳಿ ವ್ಯಾನಿಗೆ ಕಂದುಗೆಂಪು ಪಟ್ಟಿ ಇದ್ದರೆ ಅದು ಝಡ್‌ಆರ್. ನಂಬರ್ ಪ್ಲೇಟ್ ಆ ಎರಡು ಅಕ್ಷರದಿಂದ ಶುರುವಾಗುವುದರಿಂದ ಆ ಹೆಸರು. ಟಿಕೆಟ್ ದರ ಒಂದು ಸಲಕ್ಕೆ ಮೂರೂವರೆ ಬಾರ್ಬಡೋಸ್ ಡಾಲರ್. ಎರಡು ಸ್ಟಾಪ್ ಹೋದರೂ ಅಷ್ಟೇ, ದ್ವೀಪದ ಆ ತುದಿಗೆ ಹೋದರೂ ಅಷ್ಟೇ.

ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ವಾಪಸ್ ಕೊಡುವುದಿಲ್ಲ. ಅದಕ್ಕೇ ಸರಿಯಾದ ಚಿಲ್ಲರೆ ಜೇಬಿನಲ್ಲಿರಲಿ. ಝಡ್‌ಆರ್ ವ್ಯಾನಿನಲ್ಲಿ ಕಂಡಕ್ಟರ್ ಇರುತ್ತಾನೆ, ಚಿಲ್ಲರೆ ಕೊಡುತ್ತಾನೆ. ಆದರೆ ಜೋರು ಹಾಡು, ಜೋರು ಓಟ, ಒತ್ತಿ ಕೂರಿಸುವುದು ಎಲ್ಲ ಇರುತ್ತದೆ. ಸೂಟ್‌ಕೇಸ್ ಇದ್ದರೆ ಅದರ ಸಹವಾಸ ಬೇಡ.

ಸ್ಟಾಪಿನ ದುಂಡನೆಯ ಬೋರ್ಡ್ ನೋಡಿ. ‘ಟು ಸಿಟಿ’ ಅಂತಿದ್ದರೆ ಆ ಬಸ್ಸು ಬ್ರಿಡ್ಜ್‌ಟೌನ್ ಕಡೆಗೆ, ‘ಔಟ್ ಆಫ್ ಸಿಟಿ’ ಅಂತಿದ್ದರೆ ಊರಾಚೆಗೆ. ಅಷ್ಟು ತಿಳಿದರೆ ದಾರಿ ತಪ್ಪುವುದಿಲ್ಲ. ಬಸ್ಸು ಬರುವಾಗ ಕೈ ಚಾಚಿ, ಇಲ್ಲದಿದ್ದರೆ ನಿಲ್ಲಿಸದೆ ಹೋಗಬಹುದು. ಹತ್ತುವಾಗ ‘ಗುಡ್ ಮಾರ್ನಿಂಗ್’ ಅನ್ನಿ. ಅಂಗಡಿಯಲ್ಲೂ ಅಷ್ಟೇ. ಅದನ್ನು ಹೇಳದೆ ನೇರವಾಗಿ ಬೆಲೆ ಕೇಳಿದರೆ ಅಲ್ಲಿನವರಿಗೆ ಒರಟಾಗಿ ಕಾಣುತ್ತದೆ.

ರಾತ್ರಿಗೆ, ವಯಸ್ಸಾದವರು ಜೊತೆಗಿದ್ದಾಗ ಟ್ಯಾಕ್ಸಿಯೇ ಸರಿ. ಮೀಟರ್ ಇರುವುದಿಲ್ಲ, ಹತ್ತುವ ಮೊದಲೇ ದುಡ್ಡು ಮಾತಾಡಿಕೊಳ್ಳಿ. ಕಾರ್ ಬಾಡಿಗೆಗೆ ಪಡೆದರೆ ಸಂದರ್ಶಕರ ಡ್ರೈವಿಂಗ್ ಪರ್ಮಿಟ್ ಬೇಕು. ನಮ್ಮ ಹಾಗೆ ಅಲ್ಲೂ ಎಡಬದಿಯ ಸಂಚಾರ.

ಸಮುದ್ರ: ಯಾವ ಕಡೆ ಇಳಿಯಬೇಕು?

ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಪಶ್ಚಿಮ ಕರಾವಳಿ ಕೆರಿಬಿಯನ್ ಸಮುದ್ರದ ಕಡೆಗಿದೆ, ನೀರು ಶಾಂತ. ಪೂರ್ವ ಕರಾವಳಿಗೆ ಅಟ್ಲಾಂಟಿಕ್ ಸಾಗರ ನೇರವಾಗಿ ಬಂದು ಬಡಿಯುತ್ತದೆ. ಈಜು ಅಷ್ಟಾಗಿ ಬಾರದವರು ಪಶ್ಚಿಮದಲ್ಲಿ ಅಥವಾ ಬ್ರಿಡ್ಜ್‌ಟೌನ್ ಪಕ್ಕದ ಕಾರ್ಲೈಲ್ ಬೇಯಲ್ಲಿ ಇಳಿಯಿರಿ. ಆಮೆಗಳು, ಮುಳುಗಿದ ಹಳೆಯ ಹಡಗುಗಳನ್ನು ಅಲ್ಲಿ ದೋಣಿಯಲ್ಲಿ ಹೋಗಿ ನೋಡಬಹುದು. ಲೈಫ್‌ಗಾರ್ಡ್ ಇರುವ ಜಾಗ ಆರಿಸಿ, ಕೆಂಪು ಬಾವುಟ ಕಂಡರೆ ಇಳಿಯಬೇಡಿ.

ಪೂರ್ವದ ಬಾತ್‌ಶೀಬಾವನ್ನು ಮಾತ್ರ ತಪ್ಪಿಸಬೇಡಿ. ಬ್ರಿಡ್ಜ್‌ಟೌನ್‌ನಿಂದ ಬಸ್ಸಿದೆ. ದಡದಲ್ಲೇ ದೊಡ್ಡ ದೊಡ್ಡ ಬಂಡೆಗಳು ನಿಂತಿವೆ. ಅಲೆ ಬಡಿದು ಬಡಿದು ಬುಡ ಸವೆದಿದೆ, ಮೇಲ್ಭಾಗ ಹಾಗೇ ಉಳಿದಿದೆ. ಸರ್ಫಿಂಗ್ ಮಾಡುವವರಿಗೆ ಅದು ಹಬ್ಬದ ಜಾಗ. ನಾವು ದಡದಲ್ಲಿ ನಿಂತು ನೋಡಬೇಕಷ್ಟೇ. ಅಲ್ಲಿನ ಸೆಳೆತ ಒಳ್ಳೆಯ ಈಜುಗಾರರನ್ನೂ ಎಳೆದೊಯ್ಯುತ್ತದೆ.

ಬೀಚುಗಳೆಲ್ಲ ಸಾರ್ವಜನಿಕ. ದೊಡ್ಡ ಹೋಟೆಲಿನ ಮುಂದಿದ್ದರೂ ಹೋಗಿ ಕೂರಬಹುದು. ಆದರೆ ನೆರಳು ಹುಡುಕುವಾಗ ಹುಷಾರು. ಮ್ಯಾಂಚಿನೀಲ್ ಎಂಬ ವಿಷದ ಮರ ದಡದಲ್ಲೇ ಬೆಳೆಯುತ್ತದೆ. ಹಣ್ಣು ಪುಟ್ಟ ಹಸಿರು ಸೇಬಿನ ಹಾಗೆ ಉದುರಿ ಬಿದ್ದಿರುತ್ತದೆ, ಮಕ್ಕಳು ಎತ್ತಿಕೊಂಡರೆ ಅಪಾಯ. ಬಿಳಿ ಹಾಲು ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಂತರೆ ತೊಟ್ಟಿಕ್ಕುವ ನೀರೂ ಸುಡುತ್ತದೆ. ಎಷ್ಟೋ ಮರಗಳ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ.

ಬ್ಯಾಗಿನಲ್ಲಿ ಏನಿರಬಾರದು?

ಮಿಲಿಟರಿ ಡಿಸೈನಿನ ಬಟ್ಟೆ ಅಲ್ಲಿ ಕಾನೂನುಬಾಹಿರ. ಟೋಪಿ, ಮಕ್ಕಳ ಚಡ್ಡಿಗೂ ಇದು ಅನ್ವಯ. ಮನೆಯಲ್ಲೇ ತೆಗೆದಿಟ್ಟು ಹೋಗಿ. ವಿದ್ಯುತ್ 115 ವೋಲ್ಟ್, ಪ್ಲಗ್ ಅಮೆರಿಕದ ಚಪ್ಪಟೆ ಪಿನ್ನಿನದು. ಅಡಾಪ್ಟರ್ ಇದ್ದರೆ ಮೊಬೈಲ್ ಚಾರ್ಜರ್ ನಡೆಯುತ್ತದೆ. ಊರಿಂದ ಒಯ್ದ ರೈಸ್ ಕುಕ್ಕರ್ ಸರಿಯಾಗಿ ಕಾಯುವುದಿಲ್ಲ, ಸುಮ್ನೆ ಭಾರ. ಈ ನಂಬರುಗಳನ್ನು ಫೋನಿನಲ್ಲಿ ಹಾಕಿಕೊಳ್ಳಿ: ಪೊಲೀಸ್ 211, ಅಗ್ನಿಶಾಮಕ 311, ಆಂಬ್ಯುಲೆನ್ಸ್ 511.

ಊಟ

ಮೀನು ತಿನ್ನುವವರು ಶುಕ್ರವಾರ ರಾತ್ರಿ ಆಯ್ಸ್ಟಿನ್ಸ್‌ಗೆ ಹೋಗಿ. ಮೀನುಗಾರರ ಊರದು. ಕಣ್ಣೆದುರೇ ಸುಟ್ಟು ಕೊಡುತ್ತಾರೆ, ಹಾಡು, ಕುಣಿತ ಇರುತ್ತದೆ. ಅಲ್ಲಿನ ರಾಷ್ಟ್ರೀಯ ಊಟ ಕೂಕೂ ಮತ್ತು ಹಾರುವ ಮೀನು. ಕೂಕೂ ಅಂದರೆ ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತಿರುವಿದ್ದು, ನಮ್ಮ ಮುದ್ದೆಯ ಥರ.

ಸಸ್ಯಾಹಾರಿಗಳು ಸ್ವಲ್ಪ ವಿಚಾರಿಸಬೇಕು. ಅನ್ನಕ್ಕೆ ತೊಗರಿಕಾಳು ಹಾಕಿ ಮಾಡುವ ‘ರೈಸ್ ಅಂಡ್ ಪೀಸ್’ ನೋಡಲು ಸಸ್ಯಾಹಾರವೇ, ಆದರೆ ಕೆಲವೆಡೆ ಉಪ್ಪು ಹಾಕಿದ ಹಂದಿಮಾಂಸದ ಜೊತೆ ಬೇಯಿಸುತ್ತಾರೆ. ‘ವೆಜಿಟೇರಿಯನ್’ ಅಂದರೆ ಸಾಲದು, ಮಾಂಸ, ಕೋಳಿ, ಮೀನು ಒಂದೊಂದನ್ನೂ ಬೇಡ ಅನ್ನಿ. ಕಡಲೆ, ಆಲೂಗಡ್ಡೆ ತುಂಬಿದ ರೊಟ್ಟಿ ಸಿಗುತ್ತದೆ. ಮಂಗಳೂರು, ಉಡುಪಿ ಕಡೆಯವರಿಗೆ ಜೀಗುಜ್ಜೆಯೂ (ಬ್ರೆಡ್‌ಫ್ರೂಟ್) ಸಿಗುತ್ತದೆ. ಅಲ್ಲಿ ಇಡೀ ಕಾಯಿಯನ್ನು ಕೆಂಡದ ಮೇಲೆ ಕರಿ ಹಿಡಿಯುವವರೆಗೆ ಸುಟ್ಟು, ಸಿಪ್ಪೆ ತೆಗೆದು, ಬೆಣ್ಣೆ ಸವರಿ ಕೊಡುತ್ತಾರೆ. ಬಿಸಿ ಇರುವಾಗಲೇ ತಿನ್ನಿ.

ನಲ್ಲಿ ನೀರು ಕುಡಿಯಬಹುದು. ಸುಣ್ಣಕಲ್ಲಿನ ಪದರಗಳಲ್ಲಿ ಸೋಸಿ ಬಂದ ಅಂತರ್ಜಲ ಅದು, ಬಾಟಲಿಗೆ ದುಡ್ಡು ಸುರಿಯುವುದು ಬೇಡ. ಅಡುಗೆಮನೆ ಇರುವ ರೂಮು ಹಿಡಿದಿದ್ದರೆ ಶನಿವಾರ ಬೆಳಿಗ್ಗೆ ಬ್ರಿಡ್ಜ್‌ಟೌನ್‌ನ ಚೀಪ್‌ಸೈಡ್ ಮಾರ್ಕೆಟ್‌ಗೆ ಹೋಗಿ ತರಕಾರಿ ತಂದುಬಿಡಿ. ಭಾನುವಾರ ಪೇಟೆಯಲ್ಲಿ ಹೆಚ್ಚಿನ ಅಂಗಡಿಗಳು ಬಾಗಿಲು ಹಾಕಿರುತ್ತವೆ.