ಗೋದಲಿ ಕಟ್ಟುವುದು ಹೇಗೆ: ರಾಗಿ ನೆನೆಸುವುದರಿಂದ ಶುರು ಮಾಡಿ

ಡಿಸೆಂಬರ್ 10ರ ರಾತ್ರಿ ಒಂದು ಹಿಡಿ ರಾಗಿ ನೆನೆಸಿ. ಗೋದಲಿ ಅಂದರೆ ಕ್ರಿಸ್ಮಸ್‌ಗೆ ಮನೆಯಲ್ಲಿ ಕಟ್ಟುವ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಅದರ ಕೆಲಸ ಅಲ್ಲಿಂದಲೇ ಶುರು. ಗೊಂಬೆಗಳನ್ನು ಆಮೇಲೆ ನೋಡಿಕೊಳ್ಳೋಣ.

ಬಿಸಿಲಿನ ಊರಿನವರು ನಾಲ್ಕೈದು ದಿನ ತಡವಾಗಿ ಬಿತ್ತಿದರೂ ನಡೆಯುತ್ತದೆ. ಮಡಿಕೇರಿ ಚಳಿಯಲ್ಲಿ ಮೊಳಕೆ ನಿಧಾನ. ಬೆಳಿಗ್ಗೆ ನೀರು ಬಸಿದು, ರಾಗಿಯನ್ನು ಹತ್ತಿ ಬಟ್ಟೆಯಲ್ಲಿ ಕಟ್ಟಿ ಒಲೆ ಪಕ್ಕ ಇಡಿ. ಒಂದೆರಡು ದಿನದಲ್ಲಿ ಕಾಳಿನ ತುದಿಯಲ್ಲಿ ಬಿಳಿ ಕಾಣುತ್ತದೆ. ಹಳೇ ತಟ್ಟೆಯಲ್ಲಿ ಒಂದು ಬೆರಳು ದಪ್ಪ ಮಣ್ಣು ಹರಡಿ, ಮೊಳಕೆಯನ್ನು ಒತ್ತಾಗಿ ಉದುರಿಸಿ. ಮೇಲೆ ಪುಡಿ ಮಣ್ಣು ತೆಳ್ಳಗೆ ಸಾಕು. ನೀರು ಸುರಿಯಬೇಡಿ, ಕೈಯಲ್ಲಿ ಚಿಮುಕಿಸಿ. ಎರಡು ದಿನ ಇನ್ನೊಂದು ತಟ್ಟೆ ಮುಚ್ಚಿಡಿ, ಆಮೇಲೆ ಬೆಳಕಿಗೆ ತನ್ನಿ. 24ಕ್ಕೆ ಹಸಿರು ಗದ್ದೆ ರೆಡಿ.

ಅಪ್ಪ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಹಣ್ಣು ತೂಕ ಮಾಡಿಸಿ, ಲೆಕ್ಕ ಬರೆದು ಮನೆಗೆ ಬರುವಾಗ ಕತ್ತಲಾಗಿರುತ್ತಿತ್ತು. ಚಪ್ಪಲಿ ಬಿಡುವ ಮೊದಲೇ "ಬಂತಾ ಮಗಳೇ?" ಅಂತ ಕೇಳುತ್ತಿದ್ದರು. ನಾನು ತಟ್ಟೆ ಎತ್ತಿಕೊಂಡು ಓಡುತ್ತಿದ್ದೆ. ಟಾರ್ಚ್ ಬೆಳಕಲ್ಲಿ ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಒಂದೊಂದು ಎಲೆಯ ತುದಿಯಲ್ಲೂ ಒಂದೊಂದು ನೀರಿನ ಹನಿ. ನನಗೆ ಕ್ರಿಸ್ಮಸ್ ಅಂದರೆ ಮೊದಲು ನೆನಪಾಗುವುದು ಅದೇ. ಹೊಸ ಬಟ್ಟೆ, ಕೇಕು ಎಲ್ಲ ಅದರ ಹಿಂದೆ.

ಗುಡಿಸಲಿಗೆ ಕಿತ್ತು ಹಾಕಿದ ಹಳೇ ಕಾಫಿ ಗಿಡದ ರೆಂಬೆ ಚೆನ್ನ. ಗಟ್ಟಿ ಮರ, ಸೊಟ್ಟ ಸೊಟ್ಟಗೆ ಇರುವುದರಿಂದ ನೋಡಲೂ ಚಂದ. ನಾಲ್ಕು ಕಂಬ ನೆಟ್ಟು ಸೆಣಬಿನ ದಾರದಲ್ಲಿ ಬಿಗಿಯಿರಿ. ಪಾಚಿಯನ್ನು ತೋಡಿನ (ಸಣ್ಣ ಹಳ್ಳದ) ಬದಿಯ ಕಲ್ಲಿನಿಂದ ತನ್ನಿ, ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಮಾತ್ರ. ಒಂದೇ ಕಲ್ಲನ್ನು ಪೂರ್ತಿ ಬೋಳಿಸಬೇಡಿ. ಒಣಗಿದರೆ ನೀರಲ್ಲಿ ಅದ್ದಿ, ಮತ್ತೆ ಹಸಿರಾಗುತ್ತದೆ.

ಹುಲ್ಲು ಮಾತ್ರ ಹೊಸದೇ ಇರಬೇಕು. ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಕಳೆದು ಗದ್ದೆ ಕೊಯ್ಲಾಗಿರುತ್ತದೆ, ಅಲ್ವಾ? ನಮ್ಮ ಪಕ್ಕದ ಮನೆಯ ಕೊಡವ ಅಕ್ಕ ಪ್ರತಿ ವರ್ಷ ಒಂದು ಕಟ್ಟು ಹುಲ್ಲು ತಂದುಕೊಡುತ್ತಿದ್ದರು. "ನಿಮ್ಮ ಮಗುವಿಗೆ ಹಾಸಿಗೆ" ಅನ್ನುತ್ತಿದ್ದರು. ಹೊಸ ಹುಲ್ಲಿನ ಆ ವಾಸನೆ ಅಂಗಡಿಯಲ್ಲಿ ಸಿಗುವ ಬಣ್ಣದ ಹುಲ್ಲಿಗೆ ಇಲ್ಲ. ಗೊತ್ತಿರುವ ಗದ್ದೆಯವರನ್ನು ಕೇಳಿ, ಯಾರೂ ಇಲ್ಲ ಅನ್ನಲ್ಲ.

ನಮ್ಮ ಕ್ರೈಸ್ತ ಜನಕ್ಕೆ ಕೊಡಗು ಜಾಗ ಕೊಟ್ಟಿದ್ದೂ ಹೀಗೆಯೇ ಅಂತ ಅಜ್ಜಿ ಹೇಳುತ್ತಿದ್ದರು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದವರನ್ನು ದೊಡ್ಡವೀರರಾಜೇಂದ್ರ ರಾಜ ಇಟ್ಟುಕೊಂಡ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಶುರುವಾಗಿದ್ದು 1792ರಲ್ಲಿ. ಯೇಸುವಿನ ತಾಯಿ ಮರಿಯಮ್ಮ, ಜೋಸೆಫರಿಗೆ ಛತ್ರದಲ್ಲಿ ಜಾಗ ಸಿಗದ ಕಥೆಯನ್ನು ಅಜ್ಜಿ ಈ ಕಥೆಯ ಜೊತೆಗೇ ಹೇಳುತ್ತಿದ್ದರು. ಅದಕ್ಕೇ ನಮ್ಮ ಗೋದಲಿಗೆ ಬಾಗಿಲು ಇಡುವುದಿಲ್ಲ. ನೀವೂ ಇಡಬೇಡಿ.

ಇನ್ನು ಗೊಂಬೆ. ಪೂರ್ತಿ ಸೆಟ್ ಇಲ್ಲ ಅಂತ ಗೋದಲಿ ಬಿಡಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮನೆಯ ಹಿಂದಿನ ಗೋಡೆ ಹೋಯಿತು. ಗೊಂಬೆಯ ಟ್ರಂಕೂ ಮಣ್ಣಿನಡಿ ಹೋಯಿತು. ಆ ಡಿಸೆಂಬರಿಗೆ ಕುಶಾಲನಗರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಮ್ಮ "ಈ ಸಲ ಬೇಡ" ಅಂದರು. ಅಪ್ಪ ಏನೂ ಮಾತಾಡಲಿಲ್ಲ, ಸುಮ್ನೆ ಹೋಗಿ ರಾಗಿ ನೆನೆಸಿದರು. ಅಲ್ಲಿ ಚಳಿ ಕಮ್ಮಿ, ಪೈರು ಬೇಗ ಬಂದು 24ಕ್ಕೆ ವಾಲಿಕೊಂಡಿತ್ತು. ಪಕ್ಕದ ಮನೆಯ ಅಕ್ಕ ಬಸ್ಸಲ್ಲಿ ಹುಲ್ಲು ತಂದರು. ರಾತ್ರಿ ಹನ್ನೆರಡಕ್ಕೆ ಹುಲ್ಲಿನ ಮೇಲೆ ಮಲಗಿಸಲು ಬಾಲಯೇಸುವಿನ ಗೊಂಬೆ ಇರಲಿಲ್ಲ. ಖಾಲಿ ಹುಲ್ಲಿನ ಮುಂದೆಯೇ ನಿಂತು ಪ್ರಾರ್ಥನೆ ಮಾಡಿದೆವು. ಅಮ್ಮನೇ ಹಾಡು ಎತ್ತಿದರು.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಸಂತ ಫ್ರಾನ್ಸಿಸರು ಗೋದಲಿ ಮಾಡಿದಾಗಲೂ ಗೊಂಬೆಗಳ ಸಾಲು ಇರಲಿಲ್ಲ. ಹುಲ್ಲು ತುಂಬಿದ ಮೇವಿನ ತೊಟ್ಟಿ, ಜೀವಂತ ಎತ್ತು, ಕತ್ತೆ, ಅಷ್ಟೇ. ಹುಲ್ಲು, ಹಸಿರು ಇದ್ದರೆ ಸಾಕು ಅಂತ ನಾನು ಗಟ್ಟಿಯಾಗಿ ಹೇಳುವುದು ಅದಕ್ಕೇ. ಗೊಂಬೆಯನ್ನು ವರ್ಷಕ್ಕೊಂದು ಕೊಳ್ಳಿ.

ಇಡುವಾಗ ಒಂದು ಕ್ರಮ ಇದೆ. ಬಾಲಯೇಸುವನ್ನು ಮೊದಲೇ ಮಲಗಿಸಬೇಡಿ. 24ರ ರಾತ್ರಿ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಮುಗಿಸಿ ಬಂದು, ಮನೆಯ ಚಿಕ್ಕ ಮಗುವಿನ ಕೈಯಿಂದ ಇಡಿಸಿ. ಯೇಸುವನ್ನು ನೋಡಲು ದೂರದಿಂದ ಬಂದ ಮೂವರು ಜ್ಞಾನಿಗಳನ್ನು ಕೋಣೆಯ ಆ ಮೂಲೆಯಲ್ಲಿಟ್ಟು ದಿನಾ ಒಂದು ಗೇಣು ಮುಂದಕ್ಕೆ ತನ್ನಿ. ಜನವರಿ 6ಕ್ಕೆ, ಅವರ ಹಬ್ಬದ ದಿನ, ಅವರು ತಲುಪಬೇಕು.

ಮೇಣದ ಬತ್ತಿ ಹತ್ತಿರ ಬೇಡವೇ ಬೇಡ. ಒಂದು ವರ್ಷ ಹುಲ್ಲಿಗೆ ಕಿಡಿ ತಾಗಿ, ಅಪ್ಪ ಕಂಬಳಿ ಹಾಕಿ ಆರಿಸಿದರು. ಎಲ್‌ಇಡಿ ಸೀರಿಯಲ್ ಲೈಟ್ ಹಾಕಿ, ಮಲಗುವ ಮುಂಚೆ ಆಫ್ ಮಾಡಿ. ಪಾಚಿಗೆ ನೀರು ಚಿಮುಕಿಸುವಾಗಲೂ ಪ್ಲಗ್ ತೆಗೆದಿರಲಿ.

ಜನವರಿ 6 ಕಳೆದ ಮೇಲೆ ಬಿಚ್ಚಿ. ಪಾಚಿ ವಾಪಸ್ ತೋಡಿಗೆ. ಗೊಂಬೆಗಳನ್ನು ಆ ದಿನದ ಪೇಪರಲ್ಲೇ ಸುತ್ತಿ, ವರ್ಷ ಬರೆದಿಡಿ. ಅಪ್ಪ ಕೊನೆಯ ಸಲ ಸುತ್ತಿದ ಕುರಿಯ ಪೇಪರನ್ನು ನಾನಿನ್ನೂ ಬದಲಾಯಿಸಿಲ್ಲ. ಅವರ ಅಕ್ಷರದಲ್ಲಿ 2021 ಅಂತ ಇದೆ. ಹುಲ್ಲು, ರಾಗಿ ಪೈರು ಎರಡನ್ನೂ ಪಕ್ಕದ ಮನೆಯ ಅಕ್ಕನ ಹಸುವಿಗೆ ಹಾಕಿ ಬರುತ್ತೇನೆ.